ಓದಲು ಒಂದು, ಕೆಲಸಕ್ಕೆ ಒಂದು: ಹತ್ತಿರದ ಕನ್ನಡಕ ಕೊಳ್ಳುವ ಮೊದಲು

ಪೇಪರನ್ನು ಕೈ ಚಾಚಿ ಹಿಡಿದು ಓದುವುದು ಶುರುವಾಗಿದೆಯಾ? ಸೂಜಿಗೆ ನೂಲು ಪೋಣಿಸಲು ಮನೆಯ ಮಕ್ಕಳನ್ನು ಕರೆಯಬೇಕಾಗಿದೆಯಾ? ಹಾಗಾದರೆ ಚಾಳೀಸು ಬಂದಿದೆ. ನಲವತ್ತರ ಆಚೀಚೆ ಇದು ಎಲ್ಲರಿಗೂ ಬರುತ್ತದೆ. ಕಣ್ಣಿನೊಳಗಿನ ಮಸೂರ ವರ್ಷ ಹೋದ ಹಾಗೆ ಗಡುಸಾಗುತ್ತದೆ. ಹತ್ತಿರದ್ದನ್ನು ನೋಡಲು ಬೇಕಾದಷ್ಟು ಅದು ಉಬ್ಬುವುದಿಲ್ಲ. ಅರವತ್ತು ಅರವತ್ತೈದರವರೆಗೆ ಪವರ್ ನಿಧಾನಕ್ಕೆ ಏರುತ್ತದೆ, ಆಮೇಲೆ ಹೆಚ್ಚುಕಮ್ಮಿ ನಿಲ್ಲುತ್ತದೆ. ಕನ್ನಡಕ ಹಾಕಿದರೆ ಕಣ್ಣು ಹಾಳಾಗುತ್ತದೆ ಎಂಬ ಹೆದರಿಕೆ ಬೇಡ. ಹಾಕಿದರೂ ಹಾಕದಿದ್ದರೂ ಪವರ್ ಏರುವಷ್ಟು ಏರಿಯೇ ಏರುತ್ತದೆ.

ನಮ್ಮ ಕಾಸರಗೋಡು ಕಡೆ ತುಂಬಾ ಜನ ಮೊದಲ ಕನ್ನಡಕ ಕೊಳ್ಳುವುದು ಜಾತ್ರೆಯಲ್ಲೋ ಬಸ್‌ಸ್ಟ್ಯಾಂಡ್ ಪಕ್ಕದ ಅಂಗಡಿಯಲ್ಲೋ. ಕುಂಬಳೆ ಜಾತ್ರೆಯ ಬೆಡಿಗೆ (ಸಿಡಿಮದ್ದಿಗೆ) ಹೋದಾಗ ಸಂತೆಯಲ್ಲಿ ನೋಡಿ. ಮಾರುವವರು ಕೇಳುವುದು ಒಂದೇ ಪ್ರಶ್ನೆ: "ಅಣ್ಣಾ, ವಯಸ್ಸೆಷ್ಟು? ಐವತ್ತೈದಾ? ಹಾಗಾದ್ರೆ ಎರಡೂವರೆ ತಗೊಳ್ಳಿ." ಪೇಪರ್ ಓದುವವರಿಗೆ ಆ ಉತ್ತರ ಸರಿಹೋಗಬಹುದು. ಲೇತ್ (ಲೋಹ ಕಡೆಯುವ ಮೆಷಿನ್) ಮುಂದೆ ನಿಲ್ಲುವವರಿಗೆ, ಅಡಿಕೆ ಸುಲಿಯುವವರಿಗೆ, ಹೊಲಿಗೆ ಮೆಷಿನ್ ತುಳಿಯುವವರಿಗೆ ಸರಿಹೋಗುವುದಿಲ್ಲ. ವಯಸ್ಸು ಕೇಳುವ ಮೊದಲು ಕೇಳಬೇಕಾದ್ದು, ನೀವು ನೋಡುವ ವಸ್ತು ಕಣ್ಣಿನಿಂದ ಎಷ್ಟು ದೂರ ಇರುತ್ತದೆ ಅಂತ. ಈ ಲೇಖನದಲ್ಲಿ ಬೇರೆಲ್ಲ ಮರೆತರೂ ಪರವಾಗಿಲ್ಲ, ಇದೊಂದು ನೆನಪಿಟ್ಟುಕೊಳ್ಳಿ.

ಕನ್ನಡಕ ಕೊಳ್ಳುವುದನ್ನು ಸುಮ್ನೆ ಮುಂದೆ ಹಾಕುವವರಿಗೆ ಒಂದು ಮಾತು. ಅಸ್ಸಾಮಿನ ಟೀ ತೋಟಗಳಲ್ಲಿ ನಲವತ್ತು ದಾಟಿದ ಎಲೆ ಕೀಳುವವರಿಗೆ ಹತ್ತಿರದ ಕನ್ನಡಕ ಕೊಟ್ಟು ಪರೀಕ್ಷೆ ಮಾಡಿದ್ದರು. 2018ರಲ್ಲಿ ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಅದರ ಫಲಿತಾಂಶ ಬಂತು. ಕನ್ನಡಕ ಸಿಗದವರಿಗೆ ಹೋಲಿಸಿದರೆ ಸಿಕ್ಕಿದವರ ಕೆಲಸ ಶೇಕಡಾ 21.7ರಷ್ಟು ಜಾಸ್ತಿ ಸಾಗಿತ್ತು. ಬಾಂಗ್ಲಾದೇಶದ ಹಳ್ಳಿಗಳಲ್ಲಿ ಕೈಕೆಲಸದವರ ಮೇಲೆ ನಡೆದ ಇನ್ನೊಂದು ಅಧ್ಯಯನ 2024ರಲ್ಲಿ ಪ್ರಕಟವಾಯಿತು. ಅಲ್ಲಿ ಕನ್ನಡಕ ಸಿಕ್ಕಿದವರ ಆದಾಯ ಮೂರನೇ ಒಂದು ಪಾಲು ಹೆಚ್ಚಿತ್ತು. ಅಡಿಕೆ ಸುಲಿದು, ಬೀಡಿ ಕಟ್ಟಿ ಲೆಕ್ಕದ ಮೇಲೆ ಕೂಲಿ ಪಡೆಯುವವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ.

ಮೊದಲು ಒಂದು ಸಲ ಕಣ್ಣು ತೋರಿಸಿ

ರೆಡಿಮೇಡ್ ಕನ್ನಡಕ ಕೆಟ್ಟದ್ದಲ್ಲ. ಆದರೆ ಅದರಲ್ಲಿ ಎರಡೂ ಕಣ್ಣಿಗೆ ಒಂದೇ ಪವರ್ ಇರುತ್ತದೆ, ಸಿಲಿಂಡರ್ ಪವರ್ (ಒಂದು ದಿಕ್ಕಿಗೆ ಮಾತ್ರ ಬೇಕಾಗುವ ಪವರ್) ಇರುವುದಿಲ್ಲ. ನಿಮ್ಮ ಎರಡು ಕಣ್ಣಿನ ಪವರ್ ಬೇರೆ ಬೇರೆಯಾಗಿದ್ದರೆ ಎಷ್ಟು ಆರಿಸಿದರೂ ತಲೆನೋವು ಹೋಗುವುದಿಲ್ಲ. ಇನ್ನೊಂದು ಮುಖ್ಯ ಕಾರಣವಿದೆ. ಕಣ್ಣಿನ ನರ ಹಾಳಾಗುವ ಗ್ಲಾಕೋಮಾ, ಸಕ್ಕರೆ ಕಾಯಿಲೆಯಿಂದ ಕಣ್ಣಿನ ಹಿಂಭಾಗದ ರೆಟಿನಾ ಪದರಕ್ಕೆ ಆಗುವ ತೊಂದರೆ, ಇವೆರಡೂ ಶುರುವಿನಲ್ಲಿ ನೋವೂ ಕೊಡುವುದಿಲ್ಲ, ಸುಳಿವೂ ಕೊಡುವುದಿಲ್ಲ. ಕನ್ನಡಕದ ಅಂಗಡಿಯಲ್ಲಿ ಅವು ಗೊತ್ತಾಗುವುದೂ ಇಲ್ಲ. ನಲವತ್ತು ದಾಟಿದ ಮೇಲೆ ಕಣ್ಣಿನ ಡಾಕ್ಟರಿಗೆ ಒಮ್ಮೆ ತೋರಿಸಿಯೇ ಬಿಡಿ.

ಖರ್ಚಿನ ಚಿಂತೆ ಇದ್ದರೆ ಸರ್ಕಾರಿ ಆಸ್ಪತ್ರೆ ಇದೆ. ಕಾಸರಗೋಡಿನಲ್ಲಿ ಜನರಲ್ ಆಸ್ಪತ್ರೆ, ಕಾಞಂಗಾಡಿನಲ್ಲಿ ಜಿಲ್ಲಾ ಆಸ್ಪತ್ರೆ, ಮಂಜೇಶ್ವರ ಕಡೆಯವರಿಗೆ ಮಂಗಲ್ಪಾಡಿ. ಕಣ್ಣು ಪರೀಕ್ಷೆ ಮಾಡುವವರು ಯಾವ ದಿನ ಇರುತ್ತಾರೆ ಅಂತ ಮೊದಲೇ ವಿಚಾರಿಸಿ ಹೋಗಿ. 1976ರಲ್ಲಿ ಶುರುವಾದ ರಾಷ್ಟ್ರೀಯ ಅಂಧತ್ವ ನಿಯಂತ್ರಣ ಕಾರ್ಯಕ್ರಮದಲ್ಲಿ ಚಾಳೀಸು ಬಂದ ಹಿರಿಯರಿಗೆ ಉಚಿತ ಕನ್ನಡಕ ಕೊಡುವ ಅವಕಾಶವೂ ಸೇರಿದೆ. ಕೇಳಲು ಸಂಕೋಚ ಬೇಡ.

ಪರೀಕ್ಷೆಗೆ ಹೋಗುವಾಗ ಒಂದು ಕನ್ನಡ ಪೇಪರ್ ತೆಗೆದುಕೊಂಡು ಹೋಗಿ. ಹತ್ತಿರದ ದೃಷ್ಟಿ ನೋಡಲು ಕೊಡುವ ಕಾರ್ಡು ನಮ್ಮಲ್ಲಿ ಮಲಯಾಳದಲ್ಲೋ ಇಂಗ್ಲಿಷಿನಲ್ಲೋ ಇರುವುದೇ ಹೆಚ್ಚು. ಬರೀ ಕನ್ನಡ ಓದಿದ ನಮ್ಮ ಹಿರಿಯರು "ಕಾಣ್ತದೆ, ಕಾಣ್ತದೆ" ಎಂದು ತಲೆ ಆಡಿಸಿ ಎದ್ದು ಬರುತ್ತಾರೆ. ಅದಲ್ಲದೆ ನಮ್ಮ ಲಿಪಿಗೆ ಬೇಕಾದ ಸ್ಪಷ್ಟತೆ ಸ್ವಲ್ಪ ಜಾಸ್ತಿಯೇ. ಅಕ್ಷರದ ಕೆಳಗಿನ ಒತ್ತು ಮೂಲ ಅಕ್ಷರಕ್ಕಿಂತ ಚಿಕ್ಕದು. ದ ಮತ್ತು ಧ, ಡ ಮತ್ತು ಢ, ಪ ಮತ್ತು ಫ, ಇವುಗಳ ನಡುವೆ ಇರುವುದು ಕೆಳಗಿನ ಒಂದು ಸಣ್ಣ ಸೀಳು ಮಾತ್ರ. ಕಣ್ಣು ಮಸುಕಾದಾಗ ಮೊದಲು ಕಾಣೆಯಾಗುವುದೇ ಆ ಸೀಳು. ಪೇಪರಿನ ವರ್ಗೀಕೃತ ಜಾಹೀರಾತಿನ ಸಾಲು ತೆಗೆದು ಓದಿ ನೋಡಿ. ಒತ್ತು, ಸೀಳು ಎರಡೂ ಬಿಡಿಬಿಡಿಯಾಗಿ ಕಂಡರೆ ಪವರ್ ಸರಿಯಿದೆ.

ಟೇಪ್ ಹಿಡಿದು ದೂರ ಅಳೆಯಿರಿ

ಇದನ್ನು ಮನೆಯಲ್ಲೋ ವರ್ಕ್‌ಶಾಪಿನಲ್ಲೋ ಮಾಡಬೇಕು, ಅಂಗಡಿಯಲ್ಲಿ ಆಗುವುದಿಲ್ಲ. ದಿನಾ ಕೂರುವ ಹಾಗೆ ಕೂತುಕೊಳ್ಳಿ, ನಿಲ್ಲುವ ಹಾಗೆ ನಿಲ್ಲಿ. ಬೆನ್ನು ಕುತ್ತಿಗೆ ಆರಾಮಾಗಿರಲಿ. ಇನ್ನೊಬ್ಬರು ನಿಮ್ಮ ಕಣ್ಣಿನ ಪಕ್ಕದಿಂದ ಕೆಲಸದ ಜಾಗದವರೆಗೆ ಟೇಪ್ ಹಿಡಿಯಲಿ. ಸೆಂಟಿಮೀಟರಿನಲ್ಲಿ ಬರೆದುಕೊಳ್ಳಿ.

ಈಗ 100ನ್ನು ಆ ಸಂಖ್ಯೆಯಿಂದ ಭಾಗಿಸಿ. 40 ಸೆಂಟಿಮೀಟರ್ ಬಂದರೆ 2.50. 50 ಬಂದರೆ 2.00. 67ರ ಹತ್ತಿರ ಬಂದರೆ 1.50. ಒಂದು ಮೀಟರ್ ಇದ್ದರೆ 1.00.

ಈ ಲೆಕ್ಕ ಏನು ಹೇಳುತ್ತದೆ ಅಂತ ಸ್ವಲ್ಪ ನಿಧಾನವಾಗಿ ನೋಡೋಣ. ದೂರಕ್ಕೆ ಕನ್ನಡಕ ಬೇಡದವರು +2.50 ಹಾಕಿದರೆ 40 ಸೆಂಟಿಮೀಟರಿನಿಂದ ಆಚೆ ಇರುವುದೆಲ್ಲ ಮಸುಕು. ನಲವತ್ತೈದರವರಿಗೂ ಹಾಗೆ, ಎಪ್ಪತ್ತರವರಿಗೂ ಹಾಗೆ. ಪವರ್ ಅಂದರೆ ಸ್ಪಷ್ಟವಾಗಿ ಕಾಣುವ ಜಾಗದ ಆಚೆಯ ಗಡಿ. ವಯಸ್ಸು ನಿರ್ಧರಿಸುವುದು ಈಚೆಯ ಗಡಿಯನ್ನು. ನಲವತ್ತೈದರಲ್ಲಿ ಕಣ್ಣಿಗೆ ಇನ್ನೂ ಸ್ವಂತ ಶಕ್ತಿ ಉಳಿದಿರುತ್ತದೆ, ಅದೇ ಕನ್ನಡಕದಲ್ಲಿ 20 ಸೆಂಟಿಮೀಟರಿನ ಹತ್ತಿರದವರೆಗೂ ಕಾಣಬಹುದು. ಅರವತ್ತೈದಾಗುವಾಗ ಆ ಶಕ್ತಿ ಹೆಚ್ಚುಕಮ್ಮಿ ಮುಗಿದಿರುತ್ತದೆ, 40ರ ಆಸುಪಾಸು ಮಾತ್ರ ಸ್ಪಷ್ಟ.

ಹಾಗಾಗಿ ಲೆಕ್ಕದಲ್ಲಿ ಬಂದ ಪವರ್ ಮೇಲಿನ ಮಿತಿ. ಅದಕ್ಕಿಂತ ಜಾಸ್ತಿ ಕೊಳ್ಳಬೇಡಿ. ಐವತ್ತರ ಒಳಗಿನವರಿಗೆ ಅದಕ್ಕಿಂತ 0.50 ಅಥವಾ 1.00 ಕಮ್ಮಿಯೇ ಸಾಕಾಗುತ್ತದೆ. ಕೆಲಸ ಸ್ಪಷ್ಟವಾಗಿ ಕಾಣುವ ಪವರುಗಳಲ್ಲಿ ಅತಿ ಕಮ್ಮಿಯದ್ದು ನಿಮ್ಮದು.

ಕೆಲವು ಉದಾಹರಣೆ ಕೊಡುತ್ತೇನೆ. ಎಲ್ಲವೂ ಅರವತ್ತರ ಆಸುಪಾಸಿನವರ ಲೆಕ್ಕದಲ್ಲಿ. ಪಂಪ್‌ಸೆಟ್ಟಿನ ಮೋಟಾರ್ ವೈಂಡಿಂಗ್ ಮಾಡುವವರು ತಾಮ್ರದ ತಂತಿಯನ್ನು 35ರಿಂದ 40 ಸೆಂಟಿಮೀಟರಿನಲ್ಲಿ ನೋಡುತ್ತಾರೆ, +2.50 ಸರಿ. ಮಡಿಲಲ್ಲಿ ತಡ್ಪೆ (ಮೊರ) ಇಟ್ಟು ಬೀಡಿ ಕಟ್ಟುವವರಿಗೆ, ಹೊಲಿಗೆ ಮೆಷಿನ್ನಿನವರಿಗೆ +2.00ರ ಆಸುಪಾಸು. ಅಡಿಕೆ ಸುಲಿಯಲು ಕೂತವರಿಗೆ ಕತ್ತಿ ಇನ್ನೂ ಕೆಳಗಿರುತ್ತದೆ, +1.75 ಹಾಕಿ ನೋಡಿ. ಲೇತ್, ಡ್ರಿಲ್ಲಿಂಗ್ ಮೆಷಿನ್, ಬಡಗಿಯ ಬೆಂಚು, ಸರ್ಕಾರಿ ಆನ್‌ಲೈನ್ ಸೇವೆ ಕೊಡುವ ಅಕ್ಷಯ ಕೇಂದ್ರದ ಕಂಪ್ಯೂಟರ್, ಇವೆಲ್ಲ 60ರಿಂದ 70 ಸೆಂಟಿಮೀಟರ್. ಅಲ್ಲಿ +1.50. ಚಿನ್ನದ ಕೆಲಸದವರಿಗೆ +3.00 ಕೂಡ ಸಾಲುವುದಿಲ್ಲ, ಅವರು ಬೇರೆ ಭೂತಗನ್ನಡಿ ಇಟ್ಟುಕೊಳ್ಳುವುದೇ ಒಳ್ಳೆಯದು.

ಪವರ್ ಜಾಸ್ತಿಯಾದರೆ ಏನಾಗುತ್ತದೆ? ದೊಡ್ಡದಾಗಿ ಕಾಣುತ್ತದಲ್ಲ, ಒಳ್ಳೆಯದೇ ಎಂದು ತುಂಬಾ ಜನ ಅಂದುಕೊಳ್ಳುತ್ತಾರೆ. ಆದರೆ ಆ ಕನ್ನಡಕ ನಿಮ್ಮ ತಲೆಯನ್ನು ಕೆಲಸದ ಹತ್ತಿರಕ್ಕೆ ಎಳೆಯುತ್ತದೆ. ಓದುವಾಗ ಕುತ್ತಿಗೆ ನೋವು ಬರುತ್ತದೆ, ಅಷ್ಟೇ. ಲೇತಿನಲ್ಲಿ ಹಾಗಲ್ಲ. +2.50 ಹಾಕಿಕೊಂಡ ಟರ್ನರ್, ಟೂಲ್ ತುದಿ ಸ್ಪಷ್ಟ ಕಾಣಬೇಕೆಂದು ಗೊತ್ತಿಲ್ಲದೆಯೇ, ಲೋಹದ ತುಂಡನ್ನು ಹಿಡಿದು ತಿರುಗುವ ಚಕ್ಕಿನ ಹತ್ತಿರ ಮುಖ ತರುತ್ತಾರೆ. ಇದು ಅಪಾಯ. ಅವರಿಗೆ +1.50 ಕೊಟ್ಟರೆ ಬೆನ್ನು ನೆಟ್ಟಗಾಗುತ್ತದೆ, ಮುಖ ದೂರ ಉಳಿಯುತ್ತದೆ.

ಆದ್ದರಿಂದಲೇ ನಾನು ಹೇಳುವುದು, ಒಂದು ದುಬಾರಿ ಕನ್ನಡಕದ ಬದಲು ಎರಡು ಸಾಧಾರಣ ಕನ್ನಡಕ ಕೊಳ್ಳಿ. ಓದಲು ಒಂದು, ಕೆಲಸಕ್ಕೆ ಒಂದು. ಕಡ್ಡಿಗೆ ಬೇರೆ ಬೇರೆ ಬಣ್ಣ ಇರಲಿ, ಅದಲು ಬದಲಾಗುವುದಿಲ್ಲ.

ಚೀಟಿ ಓದುವುದು ಹೇಗೆ

ಡಾಕ್ಟರ್ ಬರೆದ ಚೀಟಿಯಲ್ಲಿ ದೂರದ ಪವರ್ ಮೇಲೆ ಇರುತ್ತದೆ, ಕೆಳಗೆ "ಆ್ಯಡ್" ಎಂದು ಇನ್ನೊಂದು ಸಂಖ್ಯೆ. ಓದುವ ಪವರ್ ಬೇಕಾದರೆ ಎರಡನ್ನೂ ಕೂಡಿಸಬೇಕು. ದೂರಕ್ಕೆ +0.50, ಆ್ಯಡ್ +2.00 ಅಂದರೆ ಓದಲು +2.50. ಬೆಂಚಿನ ದೂರಕ್ಕೆ ಬೇಕಾದರೆ ಆ್ಯಡಿನಲ್ಲಿ ಅರ್ಧ ಮಾತ್ರ ಸೇರಿಸಿ. ಅಲ್ಲಿಗೆ +1.50. ಮೈನಸ್ ಪವರ್ ಇರುವವರು ಕಳೆಯುವ ಲೆಕ್ಕ ಮಾಡಬೇಕು. ದೂರಕ್ಕೆ -2.00 ಇದ್ದು ಆ್ಯಡ್ +2.00 ಇದ್ದರೆ ಓದಲು ಕನ್ನಡಕವೇ ಬೇಡ, ಇರುವುದನ್ನು ತೆಗೆದರೆ ಸಾಕು.

ಚೀಟಿಯಲ್ಲಿ ಪಿ.ಡಿ. ಬರೆಸಿಕೊಳ್ಳಿ. ಎರಡು ಕಣ್ಣುಪಾಪೆಗಳ ನಡುವಿನ ಅಂತರ ಅದು, ಮಿಲಿಮೀಟರಿನಲ್ಲಿ. ರೆಡಿಮೇಡ್ ಕನ್ನಡಕಗಳನ್ನು ಸುಮಾರು 62ರಿಂದ 64ಕ್ಕೆ ಮಾಡಿರುತ್ತಾರೆ. ನಿಮ್ಮದು 56ಓ 70ಓ ಆಗಿದ್ದರೆ ಕಣ್ಣು ಎಳೆದಂತಾಗುತ್ತದೆ. ಪವರ್ ಕಮ್ಮಿ ಇದ್ದರೆ ಇದು ಅಷ್ಟಾಗಿ ಗೊತ್ತಾಗುವುದಿಲ್ಲ. +2.50 ದಾಟಿದ ಮೇಲೆ, ಪಿ.ಡಿ.ಯಲ್ಲಿ ವ್ಯತ್ಯಾಸವೂ ಇದ್ದರೆ, ಮಾಡಿಸಿಕೊಳ್ಳುವುದೇ ಮೇಲು. ಎರಡು ಕಣ್ಣಿನ ಪವರ್ ಬೇರೆ ಇದ್ದರೆ, ಸಿಲಿಂಡರ್ ಇದ್ದರೆ ಕೂಡ ಹಾಗೆಯೇ.

ಅಂಗಡಿಯಲ್ಲಿ ನೋಡಬೇಕಾದ್ದು

ಕೆಲಸದ ವಸ್ತುವನ್ನು ಜೇಬಿನಲ್ಲಿ ಹಾಕಿಕೊಂಡು ಹೋಗಿ. ವರ್ನಿಯರ್, ಸೂಜಿ, ತಂತಿ ತುಂಡು, ಬಿಲ್ ಪುಸ್ತಕ, ಏನು ಬೇಕಾದರೂ ಆಗಬಹುದು. ಅಳೆದ ದೂರದಲ್ಲಿ ಹಿಡಿದು ನೋಡಿ. ಒಂದು ನಿಮಿಷಕ್ಕೆ ತೀರ್ಮಾನ ಮಾಡಬೇಡಿ. ಹಾಕಿಕೊಂಡು ಸ್ವಲ್ಪ ಹೊತ್ತು ಕೂತುಕೊಳ್ಳಿ.

ಆಮೇಲೆ ಗಾಜಿನ ಗುಣ ನೋಡಿ. ಕನ್ನಡಕವನ್ನು ಮುಖದಿಂದ ದೂರ ಹಿಡಿದು ಅದರ ಮೂಲಕ ಬಾಗಿಲ ಚೌಕಟ್ಟನ್ನೋ ಕಿಟಕಿ ಸರಳನ್ನೋ ನೋಡಿ. ನಿಧಾನಕ್ಕೆ ಮೇಲೆ ಕೆಳಗೆ ಆಡಿಸಿ. ಸರಳು ಒಂದೇ ಸಮನಾಗಿ ಸರಿದರೆ ಒಳ್ಳೆಯದು. ಮಧ್ಯದಲ್ಲಿ ನುಲಿದುಕೊಂಡರೆ, ಅಲೆ ಎದ್ದಂತೆ ಕಂಡರೆ ಅದನ್ನು ಕೆಳಗಿಡಿ.

ಬರೆದ ಪವರ್ ನಿಜವೇ ಅಂತಲೂ ನೋಡಬಹುದು, ಯಾವ ಯಂತ್ರವೂ ಬೇಡ. ಹಗಲು ಹೊತ್ತು ಬಾಗಿಲಿಗೆ ಎದುರಾಗಿರುವ ಬಿಳಿ ಗೋಡೆಯ ಹತ್ತಿರ ಹೋಗಿ. ಕನ್ನಡಕವನ್ನು ಗೋಡೆಗೆ ಎದುರಾಗಿ ಹಿಡಿದು ಹಿಂದೆ ಮುಂದೆ ಸರಿಸಿ. ಒಂದು ಜಾಗದಲ್ಲಿ ಹೊರಗಿನ ರಸ್ತೆ, ಹೋಗುವ ಬಸ್ಸು, ತೆಂಗಿನ ಮರ ಎಲ್ಲ ತಲೆಕೆಳಗಾಗಿ ಚಿಕ್ಕದಾಗಿ ಗೋಡೆಯ ಮೇಲೆ ಮೂಡುತ್ತದೆ. ಅಂಚುಗಳು ಚುರುಕಾಗಿ ಕಂಡ ಕ್ಷಣದಲ್ಲಿ ಗೋಡೆಯಿಂದ ಕನ್ನಡಕಕ್ಕೆ ಎಷ್ಟು ದೂರ ಅಂತ ಅಳೆಯಿರಿ. +2.00 ಆಗಿದ್ದರೆ ಹತ್ತಿರ ಹತ್ತಿರ 50 ಸೆಂಟಿಮೀಟರ್ ಬರಬೇಕು. ಎರಡು ಗಾಜಿನ ಚಿತ್ರವೂ ಒಂದೇ ದೂರದಲ್ಲಿ ಸ್ಪಷ್ಟವಾಗಬೇಕು. ಒಂದು 50ಕ್ಕೆ, ಇನ್ನೊಂದು 42ಕ್ಕೆ ಬಂದರೆ ಅಂಥದ್ದು ಪುಕ್ಕಟೆ ಕೊಟ್ಟರೂ ಬೇಡ. ಬಿಸಿಲಿಗೆ ಹಿಡಿದು ಮಾತ್ರ ಇದನ್ನು ಮಾಡಬೇಡಿ, ಸೂರ್ಯನ ಬಿಂದು ಸುಡುತ್ತದೆ.

ಗಾಜು, ಫೈಬರ್, ಪಾಲಿ

ಅಸಲಿ ಗಾಜಿಗೆ ಗೀರು ಬೀಳುವುದು ಕಮ್ಮಿ. ಆದರೆ ಭಾರ, ಒಡೆದರೆ ಚೂರು ಕಣ್ಣಿಗೆ. ವರ್ಕ್‌ಶಾಪಿಗೆ ಬೇಡವೇ ಬೇಡ. ಅಂಗಡಿಯವರು ಫೈಬರ್ ಎನ್ನುವುದು ಸಾಮಾನ್ಯವಾಗಿ ಸಿ.ಆರ್.-39 ಎಂಬ ಪ್ಲಾಸ್ಟಿಕ್. ಹಗುರ, ಸ್ಪಷ್ಟ, ಥಿನ್ನರ್ ಅಸಿಟೋನ್ ತಾಗಿದರೂ ತಡೆಯುತ್ತದೆ. ಓದಲು, ಹೊಲಿಯಲು, ಬೀಡಿಗೆ, ಅಡಿಕೆಗೆ ಇದಕ್ಕೆ ಹಾರ್ಡ್ ಕೋಟ್ (ಗೀರು ತಡೆಯುವ ಲೇಪ) ಹಾಕಿಸಿಕೊಂಡರೆ ಸಾಕು. ಪಾಲಿಕಾರ್ಬೊನೇಟ್ ಪೆಟ್ಟಿಗೆ ಗಟ್ಟಿ, ಏನಾದರೂ ಹಾರಿ ಬಂದು ಬಡಿದರೂ ಸುಲಭಕ್ಕೆ ಒಡೆಯುವುದಿಲ್ಲ. ಅದರ ದೋಷ ಎರಡು: ಬೇಗ ಗೀರು ಬೀಳುತ್ತದೆ, ಅಸಿಟೋನ್ ಥಿನ್ನರ್ ತಾಗಿದರೆ ಬಿರುಕು ಬಿಟ್ಟು ಮಂಕಾಗುತ್ತದೆ. ಪಾಲಿಶ್ ಕೆಲಸ ಮಾಡುವ ಬಡಗಿಗಳು ಇದನ್ನು ನೆನಪಿಡಬೇಕು.

ನೀಲಿ ಬೆಳಕು ತಡೆಯುವ ಬ್ಲೂ ಕಟ್‌ಗೆ ಜಾಸ್ತಿ ದುಡ್ಡು ಕೇಳಿದರೆ ಬೇಡ ಎನ್ನಿ. ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡುವ ಕೊಕ್ರೇನ್ ಸಂಸ್ಥೆಯ 2023ರ ಪರಿಶೀಲನೆಯಲ್ಲಿ, ಕಂಪ್ಯೂಟರ್ ನೋಡಿ ಕಣ್ಣು ದಣಿಯುವುದು ಅದರಿಂದ ಕಮ್ಮಿಯಾಗುವ ಹಾಗೆ ಕಂಡಿಲ್ಲ. ಆ ದುಡ್ಡಿಗೆ ಒಂದು ಒಳ್ಳೆಯ ಎಲ್‌ಇಡಿ ದೀಪ ತೆಗೆದುಕೊಳ್ಳಿ. ಅರವತ್ತರವರ ಕಣ್ಣಿನೊಳಕ್ಕೆ ತಲುಪುವ ಬೆಳಕು ಇಪ್ಪತ್ತರವರ ಸುಮಾರು ಮೂರನೇ ಒಂದು ಪಾಲು ಮಾತ್ರ. ಪವರ್ ಸಾಲದು ಅಂದುಕೊಂಡವರಿಗೆ ಎಷ್ಟೋ ಸಲ ಬೇಕಾಗಿರುವುದು ಬೆಳಕು. ಬಲಗೈಯವರಾದರೆ ದೀಪ ಎಡಗಡೆಯಿಂದ ಬರಲಿ, ಕೈಯ ನೆರಳು ಕೆಲಸದ ಮೇಲೆ ಬೀಳುವುದಿಲ್ಲ.

ಫ್ರೇಮ್

ನಮ್ಮದು ಕಡಲ ಕರೆ. ಬೆವರು, ಉಪ್ಪುಗಾಳಿ, ನಾಲ್ಕು ತಿಂಗಳ ಮಳೆ. ಅಗ್ಗದ ಲೋಹದ ಫ್ರೇಮಿನ ಲೇಪ ಇಲ್ಲಿ ಬೇಗ ಏಳುತ್ತದೆ, ಮೂಗಿನ ಹತ್ತಿರ ಹಸಿರು ಕಟ್ಟುತ್ತದೆ. ನಿಕ್ಕಲ್ ಆಗದವರಿಗೆ ಕಿವಿ ಹಿಂದೆ ತುರಿಕೆ. ಟಿ.ಆರ್.-90 ಎಂಬ ನೈಲಾನ್ ಜಾತಿಯ ಫ್ರೇಮ್ ನಮ್ಮ ಹವೆಗೆ ಒಗ್ಗುತ್ತದೆ. ಬಾಗಿಸಿದರೆ ಬಾಗಿ ಹಿಂದಕ್ಕೆ ಬರುತ್ತದೆ, ತುಕ್ಕಿನ ಮಾತಿಲ್ಲ.

ಮುರಿಯುವುದು ಹೆಚ್ಚಾಗಿ ಕೀಲಿನಲ್ಲಿ. ಕಡ್ಡಿ ತೆರೆದು ಕೀಲನ್ನು ಹತ್ತಿರದಿಂದ ನೋಡಿ. ಒಂದರೊಳಗೊಂದು ಸೇರುವ ಲೋಹದ ಬಳೆಗಳು ಮೂರಿರುತ್ತವೆ ಅಥವಾ ಐದಿರುತ್ತವೆ. ಐದಿದ್ದರೆ ಬಾಳಿಕೆ ಜಾಸ್ತಿ. ಪ್ಲಾಸ್ಟಿಕ್ ಮೊಳೆ ಹಾಕಿದ್ದು ಬೇಡ, ಸ್ಕ್ರೂ ಇರಲಿ. ಸ್ಪ್ರಿಂಗ್ ಕೀಲು ಹಾಕಿಕೊಳ್ಳಲು ಹಿತ, ಆದರೆ ಸ್ಪ್ರಿಂಗ್ ಹೋದರೆ ಊರಿನ ಅಂಗಡಿಯಲ್ಲಿ ರಿಪೇರಿ ಕಷ್ಟ. ದುಡಿಯುವ ಕನ್ನಡಕಕ್ಕೆ ಸಾದಾ ಸ್ಕ್ರೂ ಕೀಲೇ ನನಗೆ ಇಷ್ಟ. ಸ್ಕ್ರೂ ಸಡಿಲವಾಗುತ್ತಿದ್ದರೆ ಬಿಗಿ ಮಾಡಿ ಅದರ ತಲೆ ಮೇಲೆ ಬಣ್ಣವಿಲ್ಲದ ನೇಲ್ ಪಾಲಿಶ್ ಒಂದು ಹನಿ ಹಾಕಿ. ಪಾಲಿ ಗಾಜಿಗೆ ಮಾತ್ರ ತಾಗಿಸಬೇಡಿ.

ಗಲ್ಲಾಪೆಟ್ಟಿಗೆ ಮುಂದೆ ಕೂರುವ ಅಂಗಡಿಯವರಿಗೆ ಅರ್ಧ ಗಾಜಿನದ್ದು ಅನುಕೂಲ, ಮೇಲಿನಿಂದ ಗಿರಾಕಿಯ ಮುಖ ಕಾಣುತ್ತದೆ. ಇಲೆಕ್ಟ್ರಿಷಿಯನ್, ಪ್ಲಂಬರ್ ತಲೆ ಎತ್ತಿ ಕೆಲಸ ಮಾಡುವವರು. ಅವರಿಗೆ ಬೈಫೋಕಲ್ ಉಪಯೋಗವಿಲ್ಲ, ಓದುವ ಭಾಗ ಕೆಳಗಿರುತ್ತದೆ. ಇಡೀ ಗಾಜಿನಲ್ಲಿ ಒಂದೇ ಪವರ್ ಇರಲಿ. ಆದರೆ ಅದನ್ನು ಹಾಕಿಕೊಂಡು ಏಣಿ ಹತ್ತಿ ಇಳಿಯಬೇಡಿ, ಮೆಟ್ಟಿಲು ಮಸುಕಾಗುತ್ತದೆ. ಬೈಕ್ ಓಡಿಸುವಾಗಲೂ ತೆಗೆಯಿರಿ.

ಕಿಡಿ, ಕಲ್ಲು ಹಾರುವ ಕಡೆ

ಓದುವ ಕನ್ನಡಕ ಕಣ್ಣಿಗೆ ರಕ್ಷಣೆ ಅಲ್ಲ. ಪಾಲಿಕಾರ್ಬೊನೇಟ್ ಆಗಿದ್ದರೂ ಅಲ್ಲ. ಪೆಟ್ಟು ಬಿದ್ದಾಗ ಸಾದಾ ಫ್ರೇಮಿನಿಂದ ಗಾಜು ಕಳಚಿ ಹಿಂದಕ್ಕೆ, ಕಣ್ಣಿನ ಕಡೆಗೇ ಬರುತ್ತದೆ. ಪಕ್ಕದಿಂದ ಹಾರಿ ಬರುವುದಕ್ಕೆ ತಡೆಯೇ ಇಲ್ಲ. ಗ್ರೈಂಡರ್, ಕಟ್ಟಿಂಗ್ ವೀಲ್, ಕೆಂಪುಕಲ್ಲು ಕೊಯ್ಯುವ ಮೆಷಿನ್ ಹತ್ತಿರ ಕೆಲಸ ಇದ್ದರೆ ಸುರಕ್ಷತಾ ಕನ್ನಡಕವೇ ಬೇಕು. ತೋಟದಲ್ಲಿ ಹುಲ್ಲು ಹೊಡೆಯುವ ಮೆಷಿನ್ನಿಗೂ ಬೇಕು. ಅದು ಸಣ್ಣ ಕಲ್ಲನ್ನು ಎಷ್ಟು ಜೋರಾಗಿ ಎಸೆಯುತ್ತದೆ ಅಂತ ನೋಡಿದವರಿಗೆ ಗೊತ್ತು. ಆದರೂ ಎಷ್ಟೋ ಜನ ಬರಿಗಣ್ಣಲ್ಲಿ ಹೊಡೆಯುವುದನ್ನು ಕಾಣುವಾಗ ಹೊಟ್ಟೆ ಉರಿಯುತ್ತದೆ.

ಕಡ್ಡಿಯ ಒಳಗಡೆ ಗುರುತು ಹುಡುಕಿ. ಭಾರತದ್ದು ಐ.ಎಸ್. 5983, ಯುರೋಪಿನದು ಇ.ಎನ್. 166, ಅಮೆರಿಕದ್ದು ಝಡ್ 87. ಝಡ್ 87ರ ನಂತರ ಪ್ಲಸ್ ಗುರುತು ಇದ್ದರೆ ಜೋರು ಪೆಟ್ಟಿನ ಪರೀಕ್ಷೆ ಪಾಸಾದದ್ದು.

ಚಾಳೀಸಿನವರಿಗೆ ಇಲ್ಲಿ ಮೂರು ದಾರಿಗಳಿವೆ. ಕೆಳಭಾಗದಲ್ಲಿ ಓದುವ ಪವರ್ ಇರುವ ಸುರಕ್ಷತಾ ಕನ್ನಡಕ ಸಿಗುತ್ತದೆ, ದಿನವಿಡೀ ಕೆಲಸ ಇರುವವರಿಗೆ ಅದೇ ಉತ್ತಮ. ಅಪರೂಪಕ್ಕೆ ಗ್ರೈಂಡರ್ ಹಿಡಿಯುವವರು ತಮ್ಮ ಕನ್ನಡಕದ ಮೇಲೆಯೇ ಹಾಕುವ ಅಗಲದ ರಕ್ಷಣಾ ಕನ್ನಡಕ ತೆಗೆದುಕೊಳ್ಳಲಿ, ಅದು ಅಗ್ಗ. ಮೂರನೆಯದು, ನೀರು ಹಚ್ಚಿ ಒಳಗಡೆ ಅಂಟಿಸುವ ಮೆತ್ತನೆಯ ಪವರ್ ತುಂಡು. ಆನ್‌ಲೈನಿನಲ್ಲಿ ಸಿಗುತ್ತದೆ. ಕೆಲಸ ಎಲ್ಲಿದೆಯೋ ಆ ಜಾಗಕ್ಕೇ ಅಂಟಿಸಬಹುದು, ಬೇಕಾದರೆ ಮೇಲ್ಭಾಗಕ್ಕೂ. ಏನೇ ಹಾಕಿದರೂ ಗ್ರೈಂಡರ್ ಮುಂದೆ ಮುಖಕ್ಕೆ ಪೂರ್ತಿ ಶೀಲ್ಡ್ ಇರಲಿ. ಕಿಡಿ ಯಾವ ಗಾಜನ್ನೂ ಬಿಡುವುದಿಲ್ಲ, ಚುಕ್ಕಿ ಚುಕ್ಕಿ ಮಾಡುತ್ತದೆ. ಶೀಲ್ಡ್ ಹಾಳಾದರೆ ಬದಲಿಸುವುದು ಸುಲಭ.

ವೆಲ್ಡಿಂಗಿಗೆ ಕಪ್ಪು ಗಾಜಿನ ಹೆಲ್ಮೆಟ್ ಬೇಕೇ ಬೇಕು, ಅದರೊಳಗೆ ನಿಮ್ಮ ಕನ್ನಡಕ. ತಿರುಗುವ ಮೆಷಿನ್ ಹತ್ತಿರ ಕುತ್ತಿಗೆಗೆ ಕನ್ನಡಕದ ದಾರ ಕಟ್ಟಿಕೊಳ್ಳಬೇಡಿ. ಕಟ್ಟಲೇಬೇಕಾದರೆ ಎಳೆದರೆ ಬಿಚ್ಚಿಕೊಳ್ಳುವಂಥದ್ದು.

ಬಾಳಿಕೆ

ಗೀರು ಬೀಳುವುದು ಕೆಲಸದಿಂದಲ್ಲ, ಒರೆಸುವುದರಿಂದ. ಕಬ್ಬಿಣದ ಪುಡಿ, ಮರದ ಹುಡಿ ಇರುವಾಗ ಲುಂಗಿಯ ಅಂಚಿನಿಂದ ಒಣಗಣ ಒರೆಸಿದರೆ ಸ್ಯಾಂಡ್‌ಪೇಪರ್ ಹಾಕಿ ಉಜ್ಜಿದ ಹಾಗೆ. ಮೊದಲು ನಲ್ಲಿ ನೀರು ಬಿಡಿ, ಹುಡಿ ಹೋಗಲಿ. ಪಾತ್ರೆ ತೊಳೆಯುವ ಲಿಕ್ವಿಡ್ ಒಂದು ಹನಿ ಬೆರಳಲ್ಲಿ ಸವರಿ, ಮತ್ತೆ ನೀರು, ಆಮೇಲೆ ಮೆತ್ತನೆಯ ಬಟ್ಟೆ. ಬೆವರಿದ ದಿನ ಸಂಜೆ ಫ್ರೇಮನ್ನೂ ತೊಳೆಯಿರಿ. ಜೀಪಿನ ಡ್ಯಾಶ್‌ಬೋರ್ಡ್ ಮೇಲೆ ಬಿಸಿಲಿಗೆ ಇಡಬೇಡಿ, ಕೋಟಿಂಗ್ ಬಿರಿಯುತ್ತದೆ.

ಎರಡು ವರ್ಷಕ್ಕೊಮ್ಮೆ ಕಣ್ಣು ತೋರಿಸಿ. ಸಕ್ಕರೆ ಕಾಯಿಲೆ ಇದ್ದರೆ ವರ್ಷಕ್ಕೊಮ್ಮೆ. ನಡುವೆ ಕಣ್ಣು ತಟ್ಟನೆ ಮಸುಕಾದರೆ, ಮಿಂಚು ಹೊಡೆದಂತೆ ಕಂಡರೆ ಕನ್ನಡಕದ ಅಂಗಡಿಗೆ ಹೋಗಬೇಡಿ, ಅದೇ ದಿನ ಡಾಕ್ಟರ್ ಹತ್ತಿರ ಹೋಗಿ. ಅಜ್ಜನೋ ಅಜ್ಜಿಯೋ "ಈಗ ಕನ್ನಡಕ ಇಲ್ಲದೆಯೇ ಪೇಪರ್ ಓದ್ತೇನೆ" ಎಂದು ಖುಷಿಯಲ್ಲಿ ಹೇಳಿದರೂ ಒಮ್ಮೆ ಕರೆದುಕೊಂಡು ಹೋಗಿ. ಪೊರೆ ಬೆಳೆಯುವಾಗ ಪವರ್ ಹಾಗೆ ಬದಲಾಗುವುದುಂಟು.

ಓದುವ ಪವರ್ ಏರಿ ಹೊಸದು ಕೊಂಡಾಗ ಹಳೆಯದನ್ನು ಬಿಸಾಡಬೇಡಿ. ಓದಲು ಸಾಲದ ಆ +1.50 ಈಗ ಬೆಂಚಿಗೋ ಕಂಪ್ಯೂಟರಿಗೋ ಸರಿಯಾಗುತ್ತದೆ. ಗೀರು ಬಿದ್ದಿರದಿದ್ದರೆ ಸ್ಕ್ರೂ ಬಿಗಿ ಮಾಡಿ, ಮೂಗಿನ ಪ್ಯಾಡ್ ಬದಲಿಸಿ, ಕೆಲಸದ ಜಾಗದಲ್ಲೇ ಒಂದು ಡಬ್ಬಿಯಲ್ಲಿಡಿ. ಡಬ್ಬಿಯ ಮೇಲೆ ಪವರ್ ಬರೆದಿರಲಿ.